ಅಂಗಳದಲ್ಲಿ ಹಸಿರು ಹನಿ! ಕಾರಿನ ರೇಡಿಯೇಟರ್ ಸೋರತೊಡಗಿದರೆ...

ಬೆಳಗಾಗೆದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುವವರು ಯಾರು? ನಾವೇ ತಾನೆ? ಹಾಗಾದ ಮೇಲೆ ರಾತ್ರಿ ಕಾರು ನಿಂತಿದ್ದ ಜಾಗದಲ್ಲಿ ಹಸಿರೋ ಗುಲಾಬಿಯೋ ಬಣ್ಣದ ಅಂಗೈಯಗಲದ ಕಲೆ ಬಿದ್ದಿದ್ದರೆ ಅದನ್ನು ಮೊದಲು ಕಾಣುವವರೂ ನಾವೇ. ಯಜಮಾನರು ಕಾಫಿ ಕುಡಿದು, ಪೇಪರು ಮಡಚಿಟ್ಟು, ಕೀಲಿ ತಿರುಗಿಸಿ ಹೊರಟುಬಿಡುತ್ತಾರೆ. ಬಗ್ಗಿ ಕಾರಿನ ಕೆಳಗೆ ನೋಡುವ ಪುರುಸೊತ್ತು ಅವರಿಗೆಲ್ಲಿ?

"ಕಾರಿನ ರಿಪೇರಿಯ ಮಾತು ನಮಗ್ಯಾಕೆ?" ಎಂದು ಮೂಗು ಮುರಿದು ಅಡಿಗೆಯ ಪುಟಕ್ಕೆ ಹೋಗಬೇಡಿ, ಸ್ವಲ್ಪ ತಾಳಿ. ಮಕ್ಕಳನ್ನು ಸ್ಕೂಲಿಗೆ ಬಿಡುವುದು, ಅತ್ತೆಯವರನ್ನು ಡಾಕ್ಟರ ಬಳಿಗೆ ಕರೆದೊಯ್ಯುವುದು, ತಿಂಗಳ ಸಾಮಾನು ತರುವುದು ಎಂದು ಈಗ ನಮ್ಮಲ್ಲಿ ಎಷ್ಟೋ ಮಂದಿ ನಾವೇ ಕಾರು ಓಡಿಸುತ್ತೇವೆ. ಯಜಮಾನರು ದೂರದೂರಿನಲ್ಲೋ ದುಬೈಯಲ್ಲೋ ಕೆಲಸಕ್ಕಿರುವ ಮನೆಗಳಲ್ಲಂತೂ ಕಾರಿನ ಯೋಗಕ್ಷೇಮವೂ ಗೃಹಿಣಿಯ ಪಾಲಿಗೇ ಬಂದಿದೆ. ಓಡಿಸದಿದ್ದವರಿಗೂ ಈ ವಿಷಯ ಬೇಕು. ಏಕೆಂದರೆ ಆ ಹಸಿರು ನೀರು ವಿಷ. ಅದು ಕುದಿಯುವಾಗ ಮುಚ್ಚಳ ತೆರೆದರೆ ಮುಖ, ಕೈ, ಎದೆ ಬೆಂದುಹೋಗುತ್ತದೆ. ಈ ಎರಡು ಸಂಗತಿ ತಿಳಿದುಕೊಳ್ಳುವುದಕ್ಕಾದರೂ ಪೂರ್ತಿ ಓದಿ.

ಕಾರಿನೊಳಗೊಂದು ಕುಕ್ಕರ್

ರೇಡಿಯೇಟರ್ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಇಂಜಿನ್ನಿನಲ್ಲಿ ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಗಾಡಿ ಓಡಿಸುವುದಕ್ಕೆ ಒದಗುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಉಳಿದದ್ದೆಲ್ಲ ಬರೀ ಶಾಖ. ಒಂದಷ್ಟು ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ, ಮತ್ತೊಂದಷ್ಟನ್ನು ಇಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತುಕೊಂಡು ಮುಂದಿನ ಜಾಲರಿಗೆ ತರುತ್ತದೆ. ಆ ಜಾಲರಿಯೇ ರೇಡಿಯೇಟರ್. ಅದರ ತೆಳ್ಳನೆಯ ಕೊಳವೆಗಳಲ್ಲಿ ನೀರು ಇಳಿಯುತ್ತದೆ, ನಡುವಿನ ರೆಕ್ಕೆಗಳ ಸಂದಿಯಲ್ಲಿ ಗಾಳಿ ಬೀಸುತ್ತದೆ, ನೀರು ಆರಿ ಮತ್ತೆ ಇಂಜಿನ್ನಿಗೆ ಹೋಗುತ್ತದೆ. ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಹೊಯ್ದು ಆರಿಸುತ್ತೀರಲ್ಲ, ಅದೇ ತತ್ವ.

ಇನ್ನು ಅದರ ಮುಚ್ಚಳ. ಸಾಮಾನ್ಯ ಮುಚ್ಚಳ ಅಂದುಕೊಳ್ಳಬೇಡಿ. ನಮ್ಮ ಪ್ರೆಶರ್ ಕುಕ್ಕರಿನ ತೂಕ ಇದೆಯಲ್ಲ, ಅದರ ಅಣ್ಣ ಎನ್ನಿ. ಒಳಗೆ ಸ್ಪ್ರಿಂಗು ಮತ್ತು ರಬ್ಬರ್ ಇರುತ್ತದೆ. ಕುಕ್ಕರಿನಲ್ಲಿ ಒತ್ತಡ ಏರಿದ್ದರಿಂದ ನೀರು ನೂರು ಡಿಗ್ರಿಗೆ ಕುದಿಯದೆ ಸುಮಾರು ೧೨೦ ಡಿಗ್ರಿಯವರೆಗೆ ಹೋಗುತ್ತದೆ, ಅದಕ್ಕೇ ಬೇಳೆ ಬೇಗ ಬೇಯುವುದು. ಕಾರಿನ ಮುಚ್ಚಳವೂ ಹೆಚ್ಚುಕಡಿಮೆ ಅಷ್ಟೇ ಒತ್ತಡ ಹಿಡಿದಿಡುತ್ತದೆ. ಹಾಗಾಗಿ ಒಳಗಿನ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ನೀವು ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ತಪ್ಪಿತು, ಅಷ್ಟೂ ನೀರು ಒಂದೇ ಸಲಕ್ಕೆ ಭುಗಿಲ್ಲೆಂದು ಕುದಿದು ಮೇಲಕ್ಕೆ ಚಿಮ್ಮುತ್ತದೆ. ಸೀಟಿ ಹೊಡೆಯುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾರಾದರೂ ಬಲವಂತವಾಗಿ ತೆಗೆಯುತ್ತಾರೆಯೇ? ಅದನ್ನು ಮಾಡದ ನಾವು ರಸ್ತೆಯಲ್ಲಿ ಕಾರು ನಿಂತಾಗ, "ನೀರಿದೆಯೋ ಇಲ್ಲವೋ ನೋಡೋಣ" ಅಂತ ಬಾನೆಟ್ ಎತ್ತಿ ಮುಚ್ಚಳಕ್ಕೆ ಕೈ ಹಾಕಿಬಿಡುತ್ತೇವೆ!

ಮೊದಲ ದೂರಪ್ರಯಾಣ ಮಾಡಿದ್ದು ಒಬ್ಬ ತಾಯಿ

ಕಾರಿನ ಇತಿಹಾಸದಲ್ಲಿ ಮೊದಲ ದೂರಪ್ರಯಾಣ ಮಾಡಿದ್ದು ಗಂಡಸಲ್ಲ ಎಂಬುದು ನಿಮಗೆ ಗೊತ್ತೆ? ೧೮೮೮ನೇ ಇಸವಿಯ ಆಗಸ್ಟ್ ತಿಂಗಳು. ಜರ್ಮನಿಯ ಮ್ಯಾನ್‌ಹೈಮ್ ಪಟ್ಟಣದ ಬೆರ್ತಾ ಬೆಂಜ್ ಎಂಬ ಗೃಹಿಣಿ, ಗಂಡ ಕಾರ್ಲ್ ಬೆಂಜರಿಗೆ ಮುಂಚಿತವಾಗಿ ತಿಳಿಸದೆ, ಅವರು ಕಂಡುಹಿಡಿದಿದ್ದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ತವರೂರಿಗೆ ಹೊರಟರು. ಪ್ಫೋರ್ಟ್ಸ್‌ಹೈಮ್ ಎಂಬ ಆ ಊರು ನೂರು ಕಿಲೋಮೀಟರಿಗೂ ಮಿಕ್ಕ ದೂರ. ತವರಿಗೆ ಹೋಗುವುದಕ್ಕೆ ಹೆಣ್ಣುಮಕ್ಕಳಿಗೆ ಯಾವ ದೇಶವಾದರೇನು, ನೆಪ ಬೇಕೆ!

ಆ ಗಾಡಿಗೆ ಈಗಿನಂಥ ರೇಡಿಯೇಟರ್ ಇರಲಿಲ್ಲ. ಇಂಜಿನ್ನಿನ ಸುತ್ತಲ ನೀರು ಆವಿಯಾಗಿ ಹೋಗುತ್ತಿತ್ತು, ಹೋದಷ್ಟನ್ನು ಮತ್ತೆ ತುಂಬಬೇಕಿತ್ತು. ಆಕೆ ದಾರಿಯುದ್ದಕ್ಕೂ ನೀರು ಸಿಕ್ಕಲ್ಲೆಲ್ಲ ನಿಲ್ಲಿಸಿ ತುಂಬಿಸಿಕೊಂಡರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ವೀಸ್ಲೋಖ್ ಎಂಬಲ್ಲಿ ಔಷಧದಂಗಡಿಯಿಂದ ಇಂಧನ ಕೊಂಡರು. ಬ್ರೇಕು ಸವೆದಾಗ ಚಮ್ಮಾರನಿಂದ ಚರ್ಮದ ಪಟ್ಟಿ ಹೊಡೆಸಿದರು. ಸಂಜೆಯ ಹೊತ್ತಿಗೆ ತವರು ಸೇರಿದ್ದಾಯಿತು. ಗಂಡನ ಗಾಡಿಯನ್ನು ಜನ ನಂಬುವಂತಾದದ್ದು ಈ ಪ್ರಯಾಣದಿಂದಲೇ.

ನೀರು ಹೀಗೆ ಆವಿಯಾಗಿ ಹೋಗುವ ಪೀಡೆಗೆ ಒಳ್ಳೆಯ ಪರಿಹಾರ ಸಿಕ್ಕಿದ್ದು ಹನ್ನೆರಡು ವರ್ಷದ ಮೇಲೆ. ವಿಲ್‌ಹೆಲ್ಮ್ ಮೇಬ್ಯಾಕ್ ಎಂಬ ಇಂಜಿನಿಯರು ಜೇನುಗೂಡಿನಂತೆ ೮,೦೭೦ ಪುಟ್ಟ ಕೊಳವೆಗಳನ್ನು ಒತ್ತಾಗಿ ಬೆಸೆದ ರೇಡಿಯೇಟರನ್ನು ತಯಾರಿಸಿದರು. ೧೯೦೧ರಲ್ಲಿ ಅದು ಬಂದ ಕಾರಿಗೆ ಮರ್ಸಿಡಿಸ್ ಎಂದು ಹೆಸರು. ಅದು ಕಂಪನಿಯ ವ್ಯಾಪಾರಿ ಎಮಿಲ್ ಯೆಲ್ಲಿನೆಕ್ ಅವರ ಮಗಳ ಹೆಸರು! ಅಂತೂ ಕಾರಿನ ಕಥೆಯಲ್ಲಿ ಹೆಣ್ಣುಮಕ್ಕಳು ಮೊದಲಿನಿಂದಲೂ ಇದ್ದಾರೆ.

ಹನಿ ನೋಡಿ ಹೆದರಬೇಡಿ, ಮೊದಲು ಗುರುತು ಹಿಡಿಯಿರಿ

ಕಾರಿನ ಕೆಳಗೆ ಬಿದ್ದ ನೀರೆಲ್ಲ ಸೋರಿಕೆಯಲ್ಲ. ಬೇಸಗೆಯಲ್ಲಿ ಏಸಿ ಹಾಕಿಕೊಂಡು ಬಂದ ಕಾರಿನ ಕೆಳಗೆ ತೊಟ್ಟಿಕ್ಕುವುದು ಬರೀ ನೀರು. ಬಣ್ಣವಿಲ್ಲ, ವಾಸನೆಯಿಲ್ಲ, ಒಣಗಿದರೆ ಕಲೆಯೂ ಇಲ್ಲ. ಅದು ತಣ್ಣನೆ ಲೋಟದ ಹೊರಮೈ ಬೆವರಿದ ಹಾಗೆ. ಅದಕ್ಕಾಗಿ ಮೆಕ್ಯಾನಿಕ್ಕನ್ನು ಕರೆಸಿ ದುಡ್ಡು ದಂಡ ಮಾಡಬೇಡಿ.

ರೇಡಿಯೇಟರಿನ ನೀರು ಹಾಗಲ್ಲ. ಅದರಲ್ಲಿ ಕೂಲೆಂಟ್ ಎಂಬ ದ್ರವ ಬೆರೆತಿರುತ್ತದೆ. ಹಸಿರು, ಗುಲಾಬಿ, ಕಿತ್ತಳೆ, ನೀಲಿ, ಹೀಗೆ ಯಾವುದಾದರೂ ಬಣ್ಣವಿರುತ್ತದೆ. ಬೆರಳಿಗೆ ಜಾರುಜಾರು, ಅಂಟಂಟು. ಸಿಹಿಯಾದ ಒಂಥರಾ ವಾಸನೆ. (ಬೆರಳನ್ನು ಕೂಡಲೇ ಸೋಪು ಹಚ್ಚಿ ತೊಳೆದುಕೊಳ್ಳಿ, ನಾಲಿಗೆಗೆ ಮಾತ್ರ ಖಂಡಿತ ಮುಟ್ಟಿಸಬೇಡಿ.) ಕಪ್ಪಾಗಿ ಜಿಡ್ಡಾಗಿದ್ದರೆ ಅದು ಇಂಜಿನ್ ಆಯಿಲ್, ಅದರ ಕಥೆ ಬೇರೆ. ಅನುಮಾನವಿದ್ದರೆ ಮದುವೆಸೀರೆಯ ಡಬ್ಬದ ಬಿಳಿ ರಟ್ಟನ್ನೋ ಹಳೇ ಕ್ಯಾಲೆಂಡರಿನ ಹಿಂಬದಿಯನ್ನೋ ರಾತ್ರಿ ಕಾರಿನ ಮುಂಭಾಗದ ಕೆಳಗೆ ಹಾಸಿಡಿ. ಬೆಳಗ್ಗೆ ಎಲ್ಲಿ, ಯಾವ ಬಣ್ಣ, ಎಷ್ಟು ಎನ್ನುವುದೆಲ್ಲ ಅದರ ಮೇಲೇ ಬರೆದಿಟ್ಟ ಹಾಗಿರುತ್ತದೆ. ಆ ರಟ್ಟನ್ನೇ ಮೆಕ್ಯಾನಿಕ್ಕಿಗೆ ತೋರಿಸಿ.

ಬಾನೆಟ್ಟಿನ ಕೆಳಗೆ, ರೇಡಿಯೇಟರಿನ ಪಕ್ಕದಲ್ಲಿ, ಅರೆಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರ ಮೇಲೆ ಎರಡು ಗೆರೆ. ಇಂಜಿನ್ ತಣ್ಣಗಿರುವಾಗ ನೀರು ಆ ಎರಡು ಗೆರೆಯ ನಡುವೆ ಇರಬೇಕು. ವಾರಕ್ಕೊಂದು ಸಲ, ತುಳಸಿಕಟ್ಟೆಗೆ ನೀರು ಹಾಕಿ ಬರುವಾಗ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಪದೇ ಪದೇ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಎಲ್ಲೋ ಎಂದೆ, ಗಮನಿಸಿ. ಸೋರಿದ್ದೆಲ್ಲ ರೇಡಿಯೇಟರೇ ಎಂದು ತೀರ್ಮಾನಿಸಿ ಹೊಸದು ಹಾಕಿಸಿಬಿಡುವುದೇ ನಮ್ಮ ಜನ ಮಾಡುವ ದೊಡ್ಡ ದಂಡ. ರಬ್ಬರ್ ಪೈಪು ಬಿರಿದಿರಬಹುದು, ಇಲಿ ಕಡಿದಿರಬಹುದು (ನಮ್ಮ ಊರುಗಳಲ್ಲಿ ಇದು ಅಪರೂಪವಲ್ಲ), ಪೈಪಿನ ಕ್ಲಿಪ್ಪು ಸಡಿಲಾಗಿರಬಹುದು, ನೀರಿನ ಪಂಪು ಜಿನುಗುತ್ತಿರಬಹುದು. ಕುಕ್ಕರಿನ ಗ್ಯಾಸ್ಕೆಟ್ ಹೋದ ಹಾಗೆ ಮುಚ್ಚಳದ ರಬ್ಬರೇ ಹೋಗಿರಬಹುದು; ಇದಕ್ಕೆ ಆಗುವ ಖರ್ಚು ಎಲ್ಲಕ್ಕಿಂತ ಕಡಿಮೆ. ಮುಂದಿನ ಸೀಟಿನ ಕಾಲಡಿಯ ಮ್ಯಾಟು ಒದ್ದೆಯಾಗಿ, ಗಾಜಿನ ಮೇಲೆ ಜಿಡ್ಡು ಮಂಜು ಕೂತು, ಒಳಗೆ ಸಿಹಿ ವಾಸನೆ ಬಂದರೆ ಹೀಟರಿನ ಪುಟ್ಟ ರೇಡಿಯೇಟರ್ ಸೋರುತ್ತಿರುತ್ತದೆ. ಇವನ್ನೆಲ್ಲ ಪತ್ತೆ ಮಾಡಲು ಮುಚ್ಚಳದ ಜಾಗಕ್ಕೆ ಕೈಪಂಪು ಜೋಡಿಸಿ ಒತ್ತಡ ಕೊಟ್ಟು ನೋಡುವ ಪ್ರೆಶರ್ ಟೆಸ್ಟ್ ಇದೆ. ಮುಳ್ಳು ಇಳಿಯಿತು ಎಂದರೆ ಸೋರಿಕೆಯಿದೆ, ಎಲ್ಲಿಂದ ಜಿನುಗುತ್ತದೆಂದು ಕಣ್ಣಿಗೇ ಕಾಣುತ್ತದೆ. "ಟೆಸ್ಟ್ ಮಾಡಿ ತೋರಿಸಿ, ಆಮೇಲೆ ಮಾತಾಡೋಣ" ಎಂದು ಹೇಳಲು ಸಂಕೋಚ ಬೇಡ.

ದಾರಿಯಲ್ಲಿ ಬಿಸಿಯಾದರೆ

ಮದುವೆಗೋ ಧರ್ಮಸ್ಥಳಕ್ಕೋ ಹೊರಟಿದ್ದೀರಿ. ಕಾರಿನ ತುಂಬ ಜನ, ಡಿಕ್ಕಿಯ ತುಂಬ ಸಾಮಾನು. ಚಾರ್ಮಾಡಿಯೋ ಶಿರಾಡಿಯೋ ಆಗುಂಬೆಯೋ, ಘಾಟಿಯ ಏರಿನಲ್ಲಿ ಎರಡನೇ ಗೇರಿನಲ್ಲಿ ನಿಧಾನವಾಗಿ ಹತ್ತಬೇಕು. ಇಂಜಿನ್ನಿಗೆ ದುಡಿಮೆ ಜಾಸ್ತಿ, ಎದುರುಗಾಳಿ ಕಡಿಮೆ. ಸೋರಿಕೆಯಿರುವ ರೇಡಿಯೇಟರ್ ಕೈಕೊಡುವುದು ಇಂಥಲ್ಲೇ. ಹಿಂದಿನ ಅಂಬಾಸಡರ್ ಕಾಲದಲ್ಲಿ ಘಾಟಿಯ ನಡುವೆ ನಿಲ್ಲಿಸಿ, ಝರಿಯಿಂದ ಕ್ಯಾನಿನಲ್ಲಿ ನೀರು ತಂದು ಹೊಯ್ಯುವುದು ಪ್ರವಾಸದ ಒಂದು ಭಾಗವೇ ಆಗಿತ್ತು.

ಮುಂದಿನ ಫಲಕದಲ್ಲಿ ಬಿಸಿಯ ಮುಳ್ಳು ಕೆಂಪಿನತ್ತ ಏರಿದರೆ, ಮುಳ್ಳಿಲ್ಲದ ಕಾರಾದರೆ ಥರ್ಮಾಮೀಟರ್ ಚಿತ್ರದ ಕೆಂಪು ದೀಪ ಹತ್ತಿದರೆ, "ಇನ್ನು ಐದೇ ಕಿಲೋಮೀಟರು, ಹೋಗಿಬಿಡೋಣ" ಎನ್ನುವವರ ಮಾತು ಕೇಳಲೇಬೇಡಿ. ಆ ಐದು ಕಿಲೋಮೀಟರಿನಲ್ಲಿ ಇಂಜಿನ್ನಿನ ಅಲ್ಯೂಮಿನಿಯಂ ತಲೆ ಬಿಸಿಗೆ ಸೊಟ್ಟಗಾಗಿ, ಒಳಗಿನ ಗ್ಯಾಸ್ಕೆಟ್ ಸುಟ್ಟು, ನೀರೂ ಎಣ್ಣೆಯೂ ಬೆರೆತುಹೋಗಬಹುದು. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದೆ, ಹಿಂದಿನಿಂದ ಬಿಳಿ ಹೊಗೆ ಬಿಡದೆ ಬರುತ್ತಿದೆ ಎಂದರೆ ಅದು ಆದಂತೆಯೇ. ಆಗ ಬರುವ ಬಿಲ್ಲಿನ ಮುಂದೆ ರೇಡಿಯೇಟರಿನ ಬೆಲೆ ಏನೂ ಅಲ್ಲ.

ಏಸಿ ಆರಿಸಿ. ಸುರಕ್ಷಿತ ಜಾಗ ಸಿಗುವವರೆಗೆ ಹೀಟರನ್ನು ಪೂರ್ತಿ ಹಾಕಿ ಕಿಟಕಿ ತೆರೆಯಿರಿ. ಬೆವರು ಕಿತ್ತುಬರುತ್ತದೆ, ನಿಜ, ಆದರೆ ಇಂಜಿನ್ನಿನ ಬಿಸಿಯಲ್ಲಿ ಒಂದಷ್ಟು ಅದರ ಮೂಲಕ ಹೊರಬೀಳುತ್ತದೆ. ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಇಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ಕೂರಿಸಿ. ಬಾನೆಟ್ ಸಂದಿಯಿಂದ ಆವಿ ಬರುತ್ತಿದ್ದರೆ ಅದು ನಿಲ್ಲುವವರೆಗೆ ಬಾನೆಟ್ಟನ್ನೂ ಎತ್ತಬೇಡಿ. ಆಮೇಲೆ? ಕಟ್ಟಿಕೊಂಡು ಬಂದ ಪುಳಿಯೋಗರೆ ಬಿಚ್ಚಿ! ಕಡಿಮೆಯೆಂದರೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾಯಲೇಬೇಕು. ಬಿಸಿ ಇಂಜಿನ್ನಿನ ಮೇಲೆ ತಣ್ಣೀರು ಸುರಿಯಬಾರದು. ಕಾದ ಗಾಜಿನ ಲೋಟಕ್ಕೆ ತಣ್ಣೀರು ಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕೆ?

ಪೂರ್ತಿ ತಣ್ಣಗಾದ ಮೇಲೆ ದಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಳದ ಮೇಲೆ ಹಾಕಿ, ಮುಖ ಆಚೆ ತಿರುಗಿಸಿ, ಸ್ವಲ್ಪವೇ ತಿರುಗಿಸಿ ನಿಲ್ಲಿಸಿ. ಬುಸ್ಸೆಂದರೆ ಮತ್ತೆ ಕಾಯಿರಿ. ಶಬ್ದ ಅಡಗಿದ ಮೇಲಷ್ಟೇ ತೆಗೆಯಿರಿ. ಆಪತ್ಕಾಲದಲ್ಲಿ ಕುಡಿಯುವ ನೀರನ್ನೇ ಹೊಯ್ದು ಹತ್ತಿರದ ಊರು ಸೇರಿಕೊಳ್ಳಬಹುದು. ಊರು ಸೇರಿದ ಮೇಲೆ ಮರೆತು ಹಾಗೇ ಬಿಟ್ಟುಬಿಡಬಾರದು.

ಅಕಸ್ಮಾತ್ ಯಾರಿಗಾದರೂ ಆವಿ ಬಡಿಯಿತೋ, ಟೂತ್‌ಪೇಸ್ಟು, ಇಂಕು, ತುಪ್ಪ, ಅರಿಶಿನ ಏನೂ ಹಚ್ಚಬೇಡಿ. ಐಸೂ ಇಡಬೇಡಿ. ಬೆಂದ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣನೆಯ ನೀರು ಹರಿಯಲಿ. ಬಾವು ಬರುವ ಮುಂಚೆ ಬಳೆ, ಉಂಗುರ, ವಾಚು ತೆಗೆದುಬಿಡಿ. ಶುಭ್ರವಾದ ಬಟ್ಟೆ ಹಗುರವಾಗಿ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಮುಖಕ್ಕೋ ಕಣ್ಣಿಗೋ ತಗುಲಿದ್ದರೆ ಒಂದು ಗಳಿಗೆಯೂ ತಡಮಾಡಬಾರದು.

ಆ ಬಣ್ಣದ ಬಾಟಲಿ ಎಲ್ಲಿಟ್ಟಿದ್ದೀರಿ?

ಇದನ್ನು ಎರಡು ಸಲ ಓದಿ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ಇದು ಸಿಹಿ. ಬಣ್ಣವೋ, ನಮ್ಮ ಖಸ್ ಶರಬತ್ತು, ರೋಸ್ ಶರಬತ್ತಿನ ಹಾಗೆಯೇ. ಅರ್ಧ ಉಳಿದದ್ದನ್ನು ಕೂಲ್ ಡ್ರಿಂಕ್ಸ್ ಬಾಟಲಿಗೆ ತುಂಬಿ ಜಗಲಿಯ ಮೂಲೆಯಲ್ಲೋ ಮೆಟ್ಟಿಲ ಕೆಳಗೋ ಇಟ್ಟಿರುವ ಮನೆಗಳು ಬೇಕಾದಷ್ಟಿವೆ. ಆಟ ಮುಗಿಸಿ ಬಾಯಾರಿ ಬಂದ ಮಗುವಿಗೆ ಏನು ಗೊತ್ತು? ಪುಟ್ಟ ಮಗುವಿಗೆ ಎರಡು ಮೂರು ಚಮಚದಷ್ಟೂ ಪ್ರಾಣಾಂತಿಕವಾಗಬಹುದು. ಮೊದಲು ಅಮಲೇರಿದಂತೆ ತೂರಾಡುತ್ತದೆ, ವಾಂತಿ ಮಾಡುತ್ತದೆ. ನಡುವೆ ಸ್ವಲ್ಪ ಸುಧಾರಿಸಿದಂತೆಯೂ ಕಾಣಬಹುದು. ಆದರೆ ಒಳಗೆ ಅದು ಬೇರೆ ವಿಷವಾಗಿ ಮಾರ್ಪಟ್ಟು, ಒಂದೆರಡು ದಿನದಲ್ಲಿ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ.

ಮಗು ಕುಡಿದಿರಬಹುದು ಎಂಬ ಅನುಮಾನ ಬಂದರೂ ಸಾಕು, "ನೋಡೋಣ, ಚೆನ್ನಾಗೇ ಇದೆಯಲ್ಲ" ಎಂದು ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ. ಬಾಟಲಿಯನ್ನು ಜೊತೆಯಲ್ಲೇ ತೆಗೆದುಕೊಂಡು ನೇರ ದೊಡ್ಡಾಸ್ಪತ್ರೆಗೆ ಹೋಗಿ, "ಕಾರಿನ ಕೂಲೆಂಟ್, ಎಥಿಲೀನ್ ಗ್ಲೈಕಾಲ್" ಎಂದು ಹೆಸರು ಹೇಳಿ. ಇದಕ್ಕೆ ಮದ್ದಿದೆ, ಆದರೆ ಬೇಗ ಸಿಕ್ಕಬೇಕು. ನಾಯಿ, ಬೆಕ್ಕು, ಕರುಗಳಿಗೂ ಇದೇ ಗತಿ. ಆದ್ದರಿಂದ ಅಂಗಳದ ಆ ಹಸಿರು ಕಲೆಯ ಮೇಲೆ ಬೂದಿಯನ್ನೋ ಮರಳನ್ನೋ ಮರದ ಹೊಟ್ಟನ್ನೋ ಚೆಲ್ಲಿ, ಹೀರಿಕೊಂಡ ಮೇಲೆ ಗುಡಿಸಿ, ಕಟ್ಟಿ ಕಸಕ್ಕೆ ಹಾಕಿ, ಆಮೇಲೆ ಸೋಪುನೀರಿನಿಂದ ಉಜ್ಜಿ. ಬಾವಿ, ದನದ ಬಾನಿ, ಗಿಡದ ಬುಡ ಇವುಗಳ ಹತ್ತಿರಕ್ಕೆ ಅದು ಹರಿಯಬಾರದು.

ಬೆಸುಗೆಯೋ, ಹೊಸದೋ?

ಬೀದಿಯಲ್ಲಿ ಕಲಾಯಿ ಹಾಕುವವನು ಕೂಗಿಕೊಂಡು ಬರುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ತಿದಿ ಒತ್ತಿ, ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರದ ಕಡ್ಡಿ ಮುಟ್ಟಿಸಿ ಬಟ್ಟೆಯಿಂದ ಒರೆಸಿದರೆ ಪಾತ್ರೆ ಬೆಳ್ಳಗೆ ಹೊಳೆಯುತ್ತಿತ್ತು. ಹಳೆಯ ಕಾರುಗಳ ರೇಡಿಯೇಟರೂ ಅದೇ ಜಾತಿ: ತಾಮ್ರ, ಹಿತ್ತಾಳೆ, ತವರ-ಸೀಸದ ಬೆಸುಗೆ. ಅಂಬಾಸಡರ್, ಫಿಯೆಟ್ ಕಾರುಗಳಿಗೆ ಇಂಥವೇ ಇದ್ದವು. ಸೋರಿದರೆ ಪೇಟೆಯ ರೇಡಿಯೇಟರ್ ಅಂಗಡಿಯವನು ಅದನ್ನು ಬಿಚ್ಚಿ, ಬಾಯಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದ. ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವ ಹಾಗೆ ಗುಳ್ಳೆ ಬಂದ ಜಾಗಕ್ಕೆ ಬೆಸುಗೆ. ಮೇಲಿನ ತೊಟ್ಟಿ ಕಳಚಿ, ಕೊಳವೆಗಳಲ್ಲಿ ತೆಳ್ಳನೆ ಕಂಬಿ ಆಡಿಸಿ ಕಿಲುಬು ತೆಗೆಯುವುದೂ ಇತ್ತು. ಈಗಲೂ ಲಾರಿ, ಟ್ರಾಕ್ಟರು, ಹಳೇ ಕಾರುಗಳಿಗೆ ಈ ಕೆಲಸ ಮಾಡುವ ಕುಶಲಿಗಳು ಜಿಲ್ಲಾ ಕೇಂದ್ರಗಳಲ್ಲಿ ಸಿಗುತ್ತಾರೆ. ನಿಮ್ಮ ಮನೆಯದು ಅಂಥ ತಾಮ್ರದ ರೇಡಿಯೇಟರಾಗಿದ್ದು, ಒಂದೆರಡು ಕಡೆ ಮಾತ್ರ ಸೋರುತ್ತಿದ್ದರೆ, ಬೆಸುಗೆ ಹಾಕಿಸುವುದೇ ಜಾಣತನ. ಅಂಬಾಸಡರ್ ತಯಾರಿಕೆ ೨೦೧೪ರಲ್ಲೇ ನಿಂತುಹೋಯಿತು. ಒಳ್ಳೆಯ ತಾಮ್ರದ ಮಾಲನ್ನು ಸುಮ್ಮನೆ ಗುಜರಿಗೆ ಹಾಕಬೇಡಿ.

ಈಗಿನ ಕಾರುಗಳದು ಬೇರೆ. ನಡುವೆ ಅಲ್ಯೂಮಿನಿಯಂ ಜಾಲರಿ, ಎರಡು ತುದಿಗೆ ಪ್ಲಾಸ್ಟಿಕ್ ತೊಟ್ಟಿ, ಮಧ್ಯೆ ರಬ್ಬರ್ ಹಾಕಿ ಅಂಚು ಮಡಚಿ ಹಿಡಿಸಿರುತ್ತಾರೆ. ಹಗುರ, ಅಗ್ಗ. ಆದರೆ ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಪ್ಲಾಸ್ಟಿಕ್ ಬಿಸಿಲಲ್ಲಿ ಬಿಟ್ಟ ಬಕೆಟ್ಟಿನ ಹಾಗೆ ಗರಿಗರಿಯಾಗಿ ಬಿರಿಯುತ್ತದೆ. ಅಲ್ಯೂಮಿನಿಯಂಗೆ ನಮ್ಮ ಹಳೇ ಬೆಸುಗೆ ಹಿಡಿಯುವುದೂ ಇಲ್ಲ. ಅಂಟು ಮೆತ್ತಿ ನಾಲ್ಕು ದಿನ ತಳ್ಳಬಹುದು, ಅಷ್ಟೇ. ಪ್ಲಾಸ್ಟಿಕ್ ಬಿರಿದಿದ್ದರೆ ಹೊಸದು ಹಾಕಿಸುವುದೇ ಸರಿ.

"ಅರಿಶಿನ ಪುಡಿ ಹಾಕಿದರೆ ಸೋರೋದು ನಿಲ್ಲತ್ತೆ" ಎನ್ನುವ ಮಾತನ್ನು ನೀವೂ ಕೇಳಿರಬಹುದು. ಡ್ರೈವರುಗಳ ಹಳೆಯ ಕೈಮದ್ದು ಅದು. ಕಾಡಿನ ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಪುಡಿ ಉಬ್ಬಿ ಸಣ್ಣ ತೂತನ್ನು ಮುಚ್ಚಬಹುದು, ಸುಳ್ಳಲ್ಲ. ಆದರೆ ತೂತು ಮುಚ್ಚುವ ಪುಡಿಗೆ ತೂತು ಯಾವುದು, ಕೊಳವೆ ಯಾವುದು ಎಂಬ ಭೇದ ತಿಳಿಯುತ್ತದೆಯೆ? ಒಳಗಿನ ಸಣ್ಣ ದಾರಿಗಳೂ ಕಟ್ಟಿಕೊಳ್ಳುತ್ತವೆ. ಅಂಗಡಿಯಲ್ಲಿ ಮಾರುವ ಸೋರಿಕೆ ನಿಲ್ಲಿಸುವ ದ್ರವಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಅರಿಶಿನ ಸಾರಿಗಿರಲಿ.

ಗ್ಯಾರೇಜಿನಲ್ಲಿ ನಾಲ್ಕು ಮಾತು

ಹೆಂಗಸರು ಗ್ಯಾರೇಜಿಗೆ ಹೋದರೆ ಮೊದಲು ಕೇಳುವ ಮಾತು ಗೊತ್ತಲ್ಲ? "ಸಾರ್‌ನ ಕಳಿಸಿ ಅಕ್ಕಾ, ಅವರ ಹತ್ರ ಮಾತಾಡ್ತೀನಿ." ಸಿಟ್ಟು ಮಾಡಿಕೊಳ್ಳಬೇಡಿ. ನಿಂತಲ್ಲೇ ನಿಂತು ಹೀಗೆ ಕೇಳಿ ನೋಡಿ:

"ಅಲ್ಲಪ್ಪಾ, ಸೋರ್ತಿರೋದು ರೇಡಿಯೇಟರ್‌ದೋ, ಪೈಪಿಂದೋ? ಪ್ರೆಶರ್ ಟೆಸ್ಟ್ ಮಾಡಿದ್ಯಾ?"

"ರೇಡಿಯೇಟರ್ರೇ ಅಕ್ಕಾ, ಸೈಡ್ ಟ್ಯಾಂಕ್ ಕ್ರ್ಯಾಕ್ ಆಗಿದೆ."

"ಸರಿ, ಹೊಸದು ಹಾಕು. ಕಂಪನಿದೋ, ಲೋಕಲ್ಲೋ? ಗ್ಯಾರಂಟಿ ಎಷ್ಟು? ಹಳೇದಕ್ಕೆ ಎಷ್ಟು ಕಳೀತೀಯ? ಬಿಲ್ಲಿನಲ್ಲಿ ಎಲ್ಲಾ ಬೇರೆ ಬೇರೆ ಬರೀಬೇಕು ನೋಡು."

ಅವನ ದನಿಯೇ ಬೇರೆಯಾಗುತ್ತದೆ. ಹಳೆಯ ಪಾತ್ರೆ ಹಾಕಿ ಹೊಸದು ಕೊಳ್ಳುವಾಗ ತೂಕ ನೋಡಿ ಚೌಕಾಸಿ ಮಾಡುವ ನಮಗೆ ಇದೇನು ಹೊಸ ವಿದ್ಯೆಯೆ? ತಾಮ್ರದ ಹಳೇ ರೇಡಿಯೇಟರಿಗಂತೂ ಗುಜರಿಯಲ್ಲೂ ಒಳ್ಳೆಯ ಬೆಲೆಯಿದೆ. (ಅದರಲ್ಲಿ ಸೀಸದ ಬೆಸುಗೆ ಇರುತ್ತದೆ, ಮನೆಬಳಕೆಯ ಯಾವುದಕ್ಕೂ ಅದನ್ನು ತರಬೇಡಿ.)

ಹೊಸದನ್ನು ತರಿಸುವಾಗ ಕಾರಿನ ಹೆಸರು ಮಾತ್ರ ಹೇಳಿದರೆ ಸಾಲದು. ಯಾವ ವರ್ಷದ್ದು, ಪೆಟ್ರೋಲೋ ಡೀಸೆಲ್ಲೋ, ಏಸಿ ಇದೆಯೋ, ಗೇರು ಕೈಯಿಂದಲೋ ಆಟೋಮ್ಯಾಟಿಕ್ಕೋ ಎಲ್ಲ ಹೇಳಬೇಕು. ಗೇರು ಆಟೋಮ್ಯಾಟಿಕ್ ಆದರೆ ಅದರ ಎಣ್ಣೆಯನ್ನೂ ಅದೇ ರೇಡಿಯೇಟರಿನಲ್ಲಿ ಆರಿಸುವ ಏರ್ಪಾಡು ಎಷ್ಟೋ ಕಾರುಗಳಲ್ಲಿದೆ. ಹೇಗೂ ಬಿಚ್ಚಿದ್ದಾಗ ಹಳೆಯ ರಬ್ಬರ್ ಪೈಪು, ಕ್ಲಿಪ್ಪು, ಮುಚ್ಚಳ ಇವನ್ನೂ ಬದಲಾಯಿಸಿಬಿಡಿ. ಹೊಸ ಸೀರೆಗೆ ಹರಿದ ರವಿಕೆ ತೊಟ್ಟ ಹಾಗಾಗಬಾರದು.

ಕೆಲವರು "ಇನ್ನೂ ದೊಡ್ಡದು ಹಾಕಿಸಿ, ಎರಡು ಸಾಲಿನ ಬದಲು ಮೂರು ಸಾಲು ಕೊಳವೆಯದು" ಎಂದು ಸಲಹೆ ಕೊಡುತ್ತಾರೆ. ಹಳೆಯ ಕಾರಿಗೆ ಆಮೇಲೆ ಏಸಿ ಕೂರಿಸಿದ್ದರೆ, ದೊಡ್ಡ ಇಂಜಿನ್ ಹಾಕಿದ್ದರೆ, ಸದಾ ಭಾರ ಹೇರಿಕೊಂಡು ಘಾಟಿ ಹತ್ತುವುದಿದ್ದರೆ ಅದರಿಂದ ಪ್ರಯೋಜನವಿದೆ. ಪ್ಲಾಸ್ಟಿಕ್ ತೊಟ್ಟಿಯಿಲ್ಲದ, ಪೂರ್ತಿ ಅಲ್ಯೂಮಿನಿಯಮ್ಮಿನದೂ ಕೆಲವು ಗಾಡಿಗಳಿಗೆ ಸಿಗುತ್ತದೆ. ಊರೊಳಗೆ ಸ್ಕೂಲು, ಸಂತೆ, ದೇವಸ್ಥಾನ ಎಂದು ಓಡಾಡುವ ನಮ್ಮ ಕಾರಿಗೆ ಕಂಪನಿ ಕೊಟ್ಟ ಅಳತೆಯದೇ ಧಾರಾಳ. ಕಾರು ಬಿಸಿಯಾಗುವುದಕ್ಕೆ ಕಾರಣ ತಿರುಗದ ಫ್ಯಾನೋ ಕೆಟ್ಟ ಪಂಪೋ ಆಗಿದ್ದರೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಅದು ನಿಲ್ಲುವುದಿಲ್ಲ.

ಒಂದು ಮಾತಿಗೆ ಮಾತ್ರ ಖಡಾಖಂಡಿತವಾಗಿ ಬೇಡ ಎನ್ನಿ. "ಥರ್ಮೋಸ್ಟಾಟ್ ತೆಗೆದುಬಿಡ್ತೀನಿ ಅಕ್ಕಾ, ನಮ್ಮ ಊರಿನ ಸೆಕೆಗೆ ಅದು ಬೇಡ." ಅದು ಇಂಜಿನ್ ಹದವಾಗಿ ಬಿಸಿಯಾಗುವವರೆಗೆ, ಸುಮಾರು ಎಂಬತ್ತು ಡಿಗ್ರಿ ದಾಟುವವರೆಗೆ, ನೀರನ್ನು ರೇಡಿಯೇಟರಿಗೆ ಬಿಡದ ಬಾಗಿಲು. ಕಾವಲಿ ಕಾಯದೆ ದೋಸೆ ಹೊಯ್ದರೆ ಏಳುತ್ತದೆಯೆ? ಇಂಜಿನ್ನಿಗೂ ಹದ ಬೇಕು. ಅದನ್ನು ತೆಗೆದರೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಲಿ.

ಬೋರ್‌ವೆಲ್ ನೀರು ಬೇಡ

ಸ್ನಾನದ ಹಂಡೆಯ ತಳದಲ್ಲಿ, ಗೀಸರಿನ ಕಾಯ್ಲಿನ ಮೇಲೆ ಬಿಳಿಯ ಗಾರೆ ಕಟ್ಟುವುದನ್ನು ನೋಡಿದ್ದೀರಿ. ಕೋಲಾರ, ಚಿತ್ರದುರ್ಗ, ತುಮಕೂರು ಕಡೆಯ ಕೊಳವೆಬಾವಿ ನೀರು ಉಪಯೋಗಿಸುವವರಿಗಂತೂ ವಿವರಿಸಬೇಕಾಗಿಲ್ಲ. ಅದೇ ನೀರು ರೇಡಿಯೇಟರಿಗೆ ಹೋದರೆ ಕೂದಲೆಳೆಯ ಕೊಳವೆಗಳಲ್ಲೂ ಅದೇ ಗಾರೆ ಕಟ್ಟುತ್ತದೆ, ಲೋಹ ತುಕ್ಕು ತಿಂದು ತೂತಾಗುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನೇ ಕೂಲೆಂಟಿಗೆ ಬೆರೆಸಬೇಕು.

"ನಮ್ಮಲ್ಲಿ ಹಿಮ ಬೀಳತ್ಯೇ, ಕೂಲೆಂಟ್ ಯಾಕೆ?" ಎಂದು ಕೇಳುವವರಿದ್ದಾರೆ. ಹಿಮಕ್ಕಾಗಿ ಮಾತ್ರ ಅಲ್ಲ. ಅದು ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವನ್ನು ಮೇಲಕ್ಕೆತ್ತುತ್ತದೆ. ಎರಡು ಬಗೆಯಲ್ಲಿ ಸಿಗುತ್ತದೆ: ಒಂದು, ಶರಬತ್ತಿನ ಗಟ್ಟಿ ಪಾಕದ ಹಾಗೆ ನೀರು ಬೆರೆಸಬೇಕಾದದ್ದು, ಇನ್ನೊಂದು, ಬೆರೆಸಿಯೇ ಬಂದದ್ದು. ಡಬ್ಬದ ಮೇಲೆ ಓದಿ ನೋಡಿ. ಬೆರೆಸಿದ್ದಕ್ಕೇ ಮತ್ತೆ ನೀರು ಹಾಕಿದರೆ ತೆಳುವಾಯಿತು, ಗಟ್ಟಿಯದನ್ನು ಹಾಗೇ ಸುರಿದರೂ ಅದು ಶಾಖ ಸರಿಯಾಗಿ ಸಾಗಿಸದು. ಬಣ್ಣ ಒಂದೇ ಎಂದು ಬೇರೆ ಬೇರೆ ಜಾತಿಯದನ್ನು ಬೆರೆಸಬೇಡಿ. ಕೆಲವು ಬೆರೆತರೆ ಗಂಜಿಯಂತೆ ಗಟ್ಟಿಯಾಗುತ್ತವೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಯಾವುದು, ಎಷ್ಟು ವರ್ಷಕ್ಕೆ ಬದಲಾಯಿಸಬೇಕು ಎಂದು ಬರೆದಿರುತ್ತದೆ. ಆ ಪುಸ್ತಕ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಪಾರ್ಕಿಂಗ್ ಚೀಟಿಗಳ ಕೆಳಗೆ ಮಲಗಿರುತ್ತದೆ, ಎಬ್ಬಿಸಿ.

ಹೊಸ ರೇಡಿಯೇಟರ್ ಹಾಕಿ ನೀರು ತುಂಬಿದ ಮೇಲೆ ಒಳಗೆ ಗಾಳಿ ಉಳಿಯಬಾರದು. ಮೆಕ್ಯಾನಿಕ್ ಇಂಜಿನ್ ಚಾಲೂ ಇಟ್ಟು ಗುಳ್ಳೆಗಳೆಲ್ಲ ಹೊರಬಂದ ಮೇಲೆ, ಮುಂದಿನ ಫ್ಯಾನು ತಾನಾಗಿ ತಿರುಗಿ ನಿಲ್ಲುವುದನ್ನು ನಿಮ್ಮ ಎದುರಿಗೇ ತೋರಿಸಲಿ. ತೆಗೆದ ಹಳೆಯ ಕೂಲೆಂಟನ್ನು ಚರಂಡಿಗೆ ಚೆಲ್ಲದೆ ಕ್ಯಾನಿಗೆ ತುಂಬುತ್ತಾನೋ ನೋಡಿ. ಮನೆಗೆ ಬಂದು ಮಾರನೆಯ ಬೆಳಗ್ಗೆ, ಕಾರು ತಣ್ಣಗಿದ್ದಾಗ, ಆ ಪ್ಲಾಸ್ಟಿಕ್ ಡಬ್ಬಿಯ ನೀರು ನೋಡಿ; ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ, ಉಳಿದ ಗಾಳಿ ಹೊರಬಿದ್ದಿರುತ್ತದೆ, ಅದೇ ಬಗೆಯ ಕೂಲೆಂಟನ್ನು ಮೇಲಿನ ಗೆರೆಯವರೆಗೆ ತುಂಬಿ. ಒಂದು ವಾರ ಕಾರಿನ ಕೆಳಗೆ ಆ ಬಿಳಿ ರಟ್ಟು ಹಾಗೇ ಇರಲಿ. ಎಂಟನೆಯ ದಿನವೂ ರಟ್ಟು ಒಣಗಿಯೇ ಇದ್ದರೆ ತೆಗೆದು ರದ್ದಿಗೆ ಹಾಕಿ.